ಸೊನ್ನೆ ಅಂದರೆ ಮಳೆ ಇಲ್ಲವೋ, ಯಂತ್ರ ಕೆಟ್ಟಿದೆಯೋ?

ಹೋದ ವರ್ಷ ಪುನರ್ವಸು ಮಳೆ ಜೋರಾಗಿ ಹಿಡಿದಿದ್ದ ಒಂದು ದಿನ ನಾನು ತೀರ್ಥಹಳ್ಳಿ ಕಡೆಯ ದೊಡ್ಡಪ್ಪನ ಮನೆಯಲ್ಲಿದ್ದೆ. ಹಂಚಿನ ಮಾಡಿನಿಂದ ಧಾರೆ ಕಟ್ಟಿ ನೀರು ಬೀಳುತ್ತಿತ್ತು. ಅಂಗಳ ಹೊಳೆಯಂತಾಗಿತ್ತು. ಅಣ್ಣ ಜಗಲಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ತೋಟದಲ್ಲಿ ಎರಡು ವರ್ಷದ ಹಿಂದೆ ಕಂಬ ನೆಟ್ಟು ಹಾಕಿಸಿದ ಹವಾಮಾನ ಯಂತ್ರದ ಆ್ಯಪ್ ತೆರೆದಿತ್ತು. ಅದರಲ್ಲಿ ಇವತ್ತಿನ ಮಳೆ 0.0 ಮಿ.ಮೀ. ಎಂದಿತ್ತು.

"ಅಣ್ಣಾ, ನೆಟ್‌ವರ್ಕ್ ಹೋಗಿದೆಯಾ?"

"ಇಲ್ಲ ಮಾರಾಯ. ಎರಡು ನಿಮಿಷದ ಹಿಂದೆ ಬಂದ ಲೆಕ್ಕ ಇದು. ಬ್ಯಾಟರಿ ಫುಲ್, ಸಿಗ್ನಲ್ ಫುಲ್."

ಮಳೆ ಸ್ವಲ್ಪ ಹೊಳವಾದಾಗ ಹೋಗಿ ನೋಡಿದೆವು. ಅಡಿಕೆ ಹಿಂಗಾರದ ಪುಡಿ, ಕೊಳೆತ ಎಲೆ, ಹಾವಸೆ ಎಲ್ಲ ಸೇರಿ ಉಂಡೆಯಾಗಿ ಮಳೆಮಾಪಕದ ಆಲಿಕೆಯ ತೂತಿಗೆ ಬೆಣೆ ಹೊಡೆದಂತೆ ಕೂತಿತ್ತು. ಆಲಿಕೆ ತುಂಬಿ ನೀರು ಅಂಚಿನಿಂದ ಹೊರಗೆ ಚೆಲ್ಲುತ್ತಿತ್ತು. ಅಣ್ಣ ಒಂದು ಕಡ್ಡಿ ಮುರಿದು ಚುಚ್ಚಿದ. ನಿಂತಿದ್ದ ನೀರೆಲ್ಲ ಒಮ್ಮೆಲೇ ಒಳಗಿಳಿಯಿತು. ಅಷ್ಟರಲ್ಲಿ ಹೊರಗೆ ಮಳೆ ನಿಂತಿತ್ತು, ಆ್ಯಪ್‌ನಲ್ಲಿ ಮಾತ್ರ ಜೋರು ಮಳೆ ಶುರುವಾಗಿತ್ತು.

ವಸ್ತುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ಇಂಟರ್ನೆಟ್ ಆಫ್ ಥಿಂಗ್ಸ್, ಅಂದರೆ ಐಒಟಿ ಬಗ್ಗೆ ಯಾರು ಏನೇ ಕೇಳಿದರೂ ನನಗೆ ಮೊದಲು ನೆನಪಾಗುವುದು ಆ ಸೊನ್ನೆ. ಯಂತ್ರ ಸತ್ತಿರಲಿಲ್ಲ. ಸಂಪರ್ಕ ಕಡಿದಿರಲಿಲ್ಲ. ಸಮಯಕ್ಕೆ ಸರಿಯಾಗಿ, ಅಚ್ಚುಕಟ್ಟಾಗಿ, ತಪ್ಪು ಲೆಕ್ಕ ಕಳಿಸುತ್ತಿತ್ತು. ಈ ಕ್ಷೇತ್ರದ ಸಂಶೋಧನೆಯಲ್ಲಿ ಈಗ ನಿಜವಾಗಿ ಕಷ್ಟದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ವಸ್ತುವನ್ನು ಇಂಟರ್ನೆಟ್ಟಿಗೆ ಜೋಡಿಸುವುದು ಹೆಚ್ಚುಕಡಿಮೆ ಮುಗಿದ ಕೆಲಸ. ಜೋಡಿಸಿದ ವಸ್ತು ಹತ್ತು ವರ್ಷ ಬದುಕಿರಬೇಕು, ನಿಜ ಹೇಳುತ್ತಿರಬೇಕು. ಅದು ಇನ್ನೂ ಆಗಬೇಕಾದ ಕೆಲಸ.

ಈ ಹೆಸರು ಹುಟ್ಟಿದ್ದು 1999ರಲ್ಲಿ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿದ್ದ ಕೆವಿನ್ ಆ್ಯಶ್ಟನ್ ಎಂಬವರು ಅಂಗಡಿಯ ಸಾಮಾನುಗಳಿಗೆ ಪುಟ್ಟ ರೇಡಿಯೊ ಚೀಟಿ ಅಂಟಿಸುವ ಬಗ್ಗೆ ಮಾತಾಡುವಾಗ ಈ ಪದ ಬಳಸಿದರು. ಅವರ ವಾದ ಸರಳ. ಕಂಪ್ಯೂಟರಿಗೆ ಗೊತ್ತಿರುವುದೆಲ್ಲ ಯಾರೋ ಮನುಷ್ಯರು ಕೂತು ಟೈಪ್ ಮಾಡಿದ್ದು. ಮನುಷ್ಯರಿಗೆ ಸಮಯ ಕಡಿಮೆ, ತಪ್ಪು ಜಾಸ್ತಿ. ವಸ್ತುಗಳೇ ತಮ್ಮ ಸುದ್ದಿ ತಾವೇ ಹೇಳಿದರೆ ಒಳ್ಳೆಯದಲ್ವಾ? ಆಗ ಅದು ಕನಸಿನ ಮಾತು. ಇವತ್ತು ವೈಫೈ, ಬ್ಲೂಟೂತ್ ಎರಡೂ ಇರುವ ಚಿಪ್ಪಿನ ಬೋರ್ಡ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಎಂಜಿನಿಯರಿಂಗ್ ಹುಡುಗರು ಒಂದು ವಾರದಲ್ಲಿ ಪ್ರಾಜೆಕ್ಟ್ ಮುಗಿಸಿ ಡೆಮೊ ತೋರಿಸುತ್ತಾರೆ. ಡೆಮೊ ದಿನ ಎಲ್ಲವೂ ಚೆನ್ನಾಗೇ ಇರುತ್ತದೆ. ಮೂರನೇ ಮಳೆಗಾಲದಲ್ಲಿ ಹೇಗಿರುತ್ತದೆ ಎಂಬುದೇ ಪ್ರಶ್ನೆ.

ನಮ್ಮ ರಾಜ್ಯದಲ್ಲಿ ಇದನ್ನು ಬಹಳ ದೊಡ್ಡ ಮಟ್ಟದಲ್ಲಿ ನೋಡಬಹುದು. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರ ಉಸ್ತುವಾರಿಗೆಂದು ಶುರುವಾದ ಘಟಕ ಅದು. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಪಂಚಾಯಿತಿಗೊಂದರಂತೆ ದೂರದಿಂದಲೇ ಓದಬಲ್ಲ ಮಳೆಮಾಪಕಗಳನ್ನು ಈ ಕೇಂದ್ರ ಹಾಕಿಸಿತು. ಸೋಲಾರ್ ಫಲಕ, ಬ್ಯಾಟರಿ, ಸಿಮ್ ಕಾರ್ಡ್ ಇರುವ ಪೆಟ್ಟಿಗೆ. 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವ ವ್ಯವಸ್ಥೆ. ಮೊದಲು ಬೆಳಿಗ್ಗೆ ಎಂಟೂವರೆಗೆ ಯಾರಾದರೂ ಹೋಗಿ ಅಳತೆ ಗಾಜಿನಲ್ಲಿ ನೋಡಿ ಬರೆದುಕೊಳ್ಳಬೇಕಿತ್ತು, ಅದೂ ಹೋಬಳಿಗೊಂದೋ ತಾಲ್ಲೂಕಿಗೊಂದೋ. ಇಷ್ಟು ದಟ್ಟವಾದ ಮಳೆ ಲೆಕ್ಕದ ಜಾಲ ಕಟ್ಟಿದ್ದು ನಿಜಕ್ಕೂ ಹೆಮ್ಮೆಯ ವಿಷಯ. ಐಒಟಿ ಎಂಬ ಪದ ಕೇಳಿಯೇ ಇರದ ಸಾವಿರಾರು ಊರುಗಳಲ್ಲಿ ಅದು ಮಾಳಿಗೆಯ ಮೇಲೆ ಕೂತಿದೆ.

ಆ ಲೆಕ್ಕದ ಹಿಂದೆ ದುಡ್ಡೂ ಇದೆ. ಅಡಿಕೆ, ಕಾಳುಮೆಣಸಿನಂಥ ಬೆಳೆಗಳಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಇಲ್ಲಿ ಯಾರೂ ತೋಟಕ್ಕೆ ಬಂದು ಕೊಳೆ ರೋಗಕ್ಕೆ ಎಷ್ಟು ಕಾಯಿ ಉದುರಿದೆ ಎಂದು ಎಣಿಸುವುದಿಲ್ಲ. ನಿಮ್ಮ ಪಂಚಾಯಿತಿಯ ಮಾಪಕ ಏನು ಹೇಳಿತು ಎಂಬುದರ ಮೇಲೆ ಪರಿಹಾರ ತೀರ್ಮಾನವಾಗುತ್ತದೆ. ಆ ಮಾಪಕ ಕೆಟ್ಟಿದ್ದರೆ ಹತ್ತಿರದ ಬದಲಿ ಮಾಪಕದ ಅಂಕಿ ತೆಗೆದುಕೊಳ್ಳುತ್ತಾರೆ. ಪಕ್ಕದ ಪಂಚಾಯಿತಿಯ ಮಳೆ ನಮ್ಮ ಮಳೆ ಹೇಗಾಗುತ್ತದೆ ಎಂದು ಮಲೆನಾಡಿನ ಬೆಳೆಗಾರರು ಕೇಳುತ್ತಲೇ ಬಂದಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆಯಾಗುತ್ತದೆ. ಅಲ್ಲಿಂದ ಸುಮಾರು 30 ಕಿ.ಮೀ. ದೂರದ ತೀರ್ಥಹಳ್ಳಿಯಲ್ಲಿ ಅದರ ಅರ್ಧವೂ ಇಲ್ಲ. ಘಟ್ಟದಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ.

ಈ ಮಾಪಕದ ಹೊಟ್ಟೆಯೊಳಗೆ ಏನಿದೆ ನೋಡೋಣ. ಮೇಲೆ ಆಲಿಕೆ. ಅದರ ಕೆಳಗೆ ಸೀಸಾ ಆಟದ ಹಲಗೆಯಂತೆ ತೂಗುವ ಎರಡು ಪುಟ್ಟ ಬಟ್ಟಲು. ಒಂದು ಬಟ್ಟಲು ತುಂಬಿದ ಕೂಡಲೇ ಭಾರಕ್ಕೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ವಾಲುವಾಗ ಅದಕ್ಕೆ ಅಂಟಿಸಿದ ಆಯಸ್ಕಾಂತ ಒಂದು ಸ್ವಿಚ್ಚಿನ ಎದುರು ಹಾದುಹೋಗುತ್ತದೆ. ಟಿಕ್. ಯಂತ್ರ ಎಣಿಸುವುದು ಈ ಟಿಕ್‌ಗಳನ್ನು. ಅಣ್ಣನ ಮನೆಯ ಮಾಪಕದ ಆಲಿಕೆ 20 ಸೆಂ.ಮೀ. ಅಗಲ, ಒಂದು ಟಿಕ್‌ಗೆ 0.2 ಮಿ.ಮೀ. ಮಳೆ. ಅಂದರೆ ಬಟ್ಟಲಿಗೆ ಸುಮಾರು 6.3 ಮಿಲಿಲೀಟರ್ ನೀರು, ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ.

ಇಷ್ಟು ಸರಳ ಯಂತ್ರವೂ ಎಷ್ಟು ಬಗೆಯಲ್ಲಿ ತಪ್ಪುತ್ತದೆ! ಗಂಟೆಗೆ 100 ಮಿ.ಮೀ. ವೇಗದಲ್ಲಿ ಮಳೆ ಹೊಯ್ದರೆ ಈ ಬಟ್ಟಲು ಗಂಟೆಗೆ 500 ಸಲ ವಾಲಬೇಕು, ಅಂದರೆ ಸುಮಾರು ಏಳು ಸೆಕೆಂಡಿಗೊಮ್ಮೆ. ಒಂದು ಸಲ ವಾಲಲು ಅರ್ಧ ಸೆಕೆಂಡಿನಷ್ಟು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಸುರಿದ ನೀರು ಪೂರ್ತಿ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಮಳೆ ಜೋರಾದಷ್ಟೂ ಯಂತ್ರ ಕಡಿಮೆ ತೋರಿಸುತ್ತದೆ. ನಮಗೆ ಸರಿಯಾದ ಲೆಕ್ಕ ಬೇಕಾಗುವುದು ಅಂಥ ಮಳೆಯಲ್ಲೇ. ಇನ್ನು ಆಲಿಕೆ ಅರ್ಧ ಕಟ್ಟಿಕೊಂಡರೆ ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತಲೇ ಇರುತ್ತದೆ. ದೂರದಲ್ಲಿ ಕೂತು ನೋಡುವವರಿಗೆ ಸಣ್ಣ ಸೋನೆ ಮಳೆಯಂತೆ ಕಾಣುತ್ತದೆ. ಪೂರ್ತಿ ಕಟ್ಟಿಕೊಂಡರೆ ಸೊನ್ನೆ. ಮಳೆ ಇಲ್ಲದ ದಿನವೂ ಸೊನ್ನೆ. ಎರಡು ಸೊನ್ನೆಗೂ ವ್ಯತ್ಯಾಸ ಕಾಣುವುದಿಲ್ಲ.

ಮಣ್ಣಿನ ತೇವ ಅಳೆಯುವ ಸೆನ್ಸರ್ ಕಥೆಯೂ ಇದೇ. ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಬೇಸಿಗೆಗೆ ನೆಲ ಬಿರುಕು ಬಿಡುತ್ತದಲ್ಲ, ಆ ಬಿರುಕು ಸೆನ್ಸರ್ ಪಕ್ಕದಲ್ಲೇ ಬಂದರೆ ಅದು ಮಣ್ಣಿನ ಬದಲು ಗಾಳಿಯನ್ನು ಅಳೆಯುತ್ತದೆ. ಒಂದು ಗೇಣು ಆಚೆ ತೇವ ಇದ್ದರೂ ಒಣಗಿದೆ ಎನ್ನುತ್ತದೆ. ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇದ್ದರೆ ಲೆಕ್ಕ ಇನ್ನೊಂದು ದಿಕ್ಕಿಗೆ ತಪ್ಪುತ್ತದೆ. ಅಗ್ಗದ ಗಾಳಿ ಮಾಲಿನ್ಯದ ಸೆನ್ಸರ್‌ಗಳು ದೂಳಿನ ಕಣಕ್ಕೆ ಬೆಳಕು ಬಿಟ್ಟು ಎಣಿಸುತ್ತವೆ. ಮಂಜಿನ ದಿನ ತೇವಕ್ಕೆ ಊದಿಕೊಂಡ ಕಣವನ್ನು ಜಾಸ್ತಿ ದೂಳೆಂದು ಓದುತ್ತವೆ.

ಹಾಗಾದರೆ ಸಂಶೋಧಕರು ಏನು ಮಾಡುತ್ತಿದ್ದಾರೆ? ಒಂದು ದಾರಿ, ಅಕ್ಕಪಕ್ಕದ ಸೆನ್ಸರ್‌ಗಳನ್ನು ಒಂದಕ್ಕೊಂದು ಹೋಲಿಸುವುದು. ಸುತ್ತಲಿನ ಐದು ಊರಿನಲ್ಲಿ ಮಳೆ ಬಂದು ನಡುವಿನ ಒಂದರಲ್ಲಿ ಮಾತ್ರ ಸೊನ್ನೆ ಬಂದರೆ ಅನುಮಾನ ಪಡಬೇಕು. ಬಯಲುಸೀಮೆಯ ಮುಂಗಾರಿನಲ್ಲಿ ಇದು ಒಂದು ಮಟ್ಟಿಗೆ ನಡೆಯುತ್ತದೆ. ಘಟ್ಟದಲ್ಲಿ ನಡೆಯುವುದು ಕಷ್ಟ, ಕಾರಣ ಆಗಲೇ ಹೇಳಿದೆ. ಅಲ್ಲಿ ರಾಡಾರ್, ಉಪಗ್ರಹದ ಚಿತ್ರ, ಗಾಳಿಯ ತೇವ ಎಲ್ಲ ಸೇರಿಸಿ ನೋಡಬೇಕು. ಮಾಪಕದ ಪಕ್ಕದ ತೇವಾಂಶ ಸೆನ್ಸರ್ ಆರು ಗಂಟೆಯಿಂದ ನೂರು ಶೇಕಡಾ ತೋರಿಸುತ್ತಿದೆ, ಸೋಲಾರ್ ಫಲಕಕ್ಕೆ ಬೆಳಕೇ ಇಲ್ಲ, ಆದರೆ ಮಳೆ ಸೊನ್ನೆ. ಇಷ್ಟು ಸಾಕ್ಷಿ ಆ ಪೆಟ್ಟಿಗೆಯೊಳಗೇ ಇರುತ್ತದೆ. ಅಣ್ಣನ ಆ್ಯಪ್ ಇವನ್ನೆಲ್ಲ ಬೇರೆ ಬೇರೆ ಪುಟದಲ್ಲಿ ತೋರಿಸುತ್ತಿತ್ತು. ಒಟ್ಟಿಗೆ ಇಟ್ಟು ನೋಡಿ "ನನಗೇನೋ ಆಗಿದೆ" ಎಂದು ಹೇಳುತ್ತಿರಲಿಲ್ಲ.

ಆ ಯೋಚನೆಯನ್ನು ಪೆಟ್ಟಿಗೆಯೊಳಗೇ ಮಾಡಿಸುವ ಪ್ರಯತ್ನಕ್ಕೆ ಟೈನಿಎಂಎಲ್ ಎನ್ನುತ್ತಾರೆ, ಪುಟ್ಟ ಚಿಪ್ಪಿನಲ್ಲೇ ಯಂತ್ರ ಕಲಿಕೆ (ಮೆಷಿನ್ ಲರ್ನಿಂಗ್). ಇದರ ಒಂದು ಮುಖ್ಯ ಹೆಜ್ಜೆ ಬೆಂಗಳೂರಿನಲ್ಲೇ ಇಟ್ಟದ್ದು. 2017ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ತಂಡ ಬೋನ್ಸಾಯ್ ಎಂಬ ವಿಧಾನ ಪ್ರಕಟಿಸಿತು. ಕೇವಲ 2 ಕಿಲೋಬೈಟ್ ನೆನಪು ಇರುವ ಆರ್ಡ್ವಿನೊ ಎಂಬ ಪುಟ್ಟ ಬೋರ್ಡಿನಲ್ಲಿ ಓಡುವಷ್ಟು ಚಿಕ್ಕ ಲೆಕ್ಕಾಚಾರ ಅದು. 2 ಕಿಲೋಬೈಟ್ ಎಂದರೆ ಮೊಬೈಲಿನಲ್ಲಿ ತೆಗೆದ ಒಂದು ಫೋಟೋದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಎಲ್ಲವನ್ನೂ ದೂರದ ಸರ್ವರಿಗೆ ಕಳಿಸಿ ಉತ್ತರಕ್ಕೆ ಕಾಯಬೇಕಾಗಿಲ್ಲ, ತೋಟದ ಕಂಬದಲ್ಲೇ ತೀರ್ಮಾನ ಆಗಬಹುದು ಎಂದು ಇದು ತೋರಿಸಿತು. ನನ್ನ ಮಟ್ಟಿಗೆ ಇದರ ಅತಿ ಒಳ್ಳೆಯ ಉಪಯೋಗ ಮುಖ ಗುರುತಿಸುವುದಲ್ಲ, ಧ್ವನಿ ಗುರುತಿಸುವುದಲ್ಲ. ಸೆನ್ಸರ್ ತನ್ನ ಆರೋಗ್ಯ ತಾನೇ ನೋಡಿಕೊಳ್ಳುವುದು.

ಕಳಿಸುವ ಕೆಲಸವೇ ದುಬಾರಿ ಎಂಬುದು ಇದಕ್ಕೆ ಇನ್ನೊಂದು ಕಾರಣ. ಹಳೆಯ 2ಜಿ ಮಾಡ್ಯೂಲ್ ಸಂದೇಶ ಕಳಿಸುವಾಗ ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಅದೇ ಪೆಟ್ಟಿಗೆಯ ಚಿಪ್ ಮಲಗಿದ್ದಾಗ ಕೆಲವೇ ಮೈಕ್ರೊ ಆಂಪಿಯರ್, ಅಂದರೆ ಆಂಪಿಯರಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಸಾಕು. ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿ ವಾರಗಟ್ಟಲೆ ಬಿಸಿಲಿರುವುದಿಲ್ಲ. ಸೋಲಾರ್ ಫಲಕದ ಮೇಲೆ ಪಾಚಿ ಬೇರೆ. ಬ್ಯಾಟರಿ ಇಳಿದ ಮೇಲೆ ಕಳಿಸಲು ಹೋದರೆ ಆ 2 ಆಂಪಿಯರ್ ಎಳೆತಕ್ಕೇ ಪೆಟ್ಟಿಗೆ ಆರಿಹೋಗುತ್ತದೆ, ಮತ್ತೆ ಎದ್ದು ಮತ್ತೆ ಪ್ರಯತ್ನಿಸಿ ಮತ್ತೆ ಆರುತ್ತದೆ.

ಇದಕ್ಕೆ ಲೋರಾ ಎಂಬ ರೇಡಿಯೊ ತಂತ್ರ ಬಂತು. ಫ್ರಾನ್ಸಿನ ಚಿಕ್ಕ ಕಂಪನಿಯೊಂದು ಕಂಡುಹಿಡಿದದ್ದು, 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಅದನ್ನು ಕೊಂಡುಕೊಂಡಿತು. ನಮ್ಮ ದೇಶದಲ್ಲಿ ಇದಕ್ಕೆ 865–868 ಮೆಗಾಹರ್ಟ್ಸ್ ತರಂಗ ಲೈಸೆನ್ಸ್ ಇಲ್ಲದೇ ಬಳಸಬಹುದು. ಬಯಲಿನಲ್ಲಿ ಹಲವು ಕಿ.ಮೀ. ಹೋಗುತ್ತದೆ, ತೀರ ಕಡಿಮೆ ವಿದ್ಯುತ್ ಸಾಕು. ಆದರೆ ದೂರ ಹೋಗಬೇಕೆಂದರೆ ನಿಧಾನ, ಸೆಕೆಂಡಿಗೆ ಸುಮಾರು 300 ಬಿಟ್ ಅಷ್ಟೇ. ಮಳೆ ಲೆಕ್ಕಕ್ಕೆ ಅಷ್ಟು ಧಾರಾಳವಾಗಿ ಸಾಕು. ಆದರೆ ದಟ್ಟ ಕಾಡು, ಒದ್ದೆ ಎಲೆ, ನಡುವೆ ಗುಡ್ಡ ಇದ್ದರೆ ಕಾಗದದ ಮೇಲಿನ ಕಿಲೋಮೀಟರುಗಳೆಲ್ಲ ಕರಗಿಹೋಗುತ್ತವೆ. ಅಂಥ ಜಾಗಕ್ಕೆಂದೇ ಉಪಗ್ರಹಕ್ಕೆ ನೇರವಾಗಿ ಸಣ್ಣ ಸಂದೇಶ ಕಳಿಸುವ ವಿಧಾನವನ್ನು ಮೊಬೈಲ್ ಮಾನದಂಡಗಳಲ್ಲಿ 2022ರ ಹೊತ್ತಿಗೆ ಸೇರಿಸಿದ್ದಾರೆ.

ಬ್ಯಾಟರಿಯನ್ನೇ ಬಿಟ್ಟುಬಿಡುವ ಪ್ರಯತ್ನವೂ ನಡೆದಿದೆ. 2013ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶ್ಯಾಮ್ ಗೊಲ್ಲಕೋಟ, ಜೋಶುವಾ ಸ್ಮಿತ್ ಮತ್ತವರ ಜೊತೆಗಾರರು ಗಾಳಿಯಲ್ಲಿ ಆಗಲೇ ಹರಡಿರುವ ಟಿವಿ ತರಂಗದಿಂದಲೇ ಶಕ್ತಿ ಪಡೆದು, ಅದನ್ನೇ ಪ್ರತಿಫಲಿಸಿ ಮಾತಾಡುವ ಸಾಧನ ಮಾಡಿದರು. ಕನ್ನಡಿಯಿಂದ ಬಿಸಿಲು ಹೊಡೆಸಿ ದೂರದವರಿಗೆ ಸನ್ನೆ ಮಾಡುತ್ತಿದ್ದೆವಲ್ಲ, ಹಾಗೆ. ಸ್ವಂತ ದೀಪ ಬೇಕಿಲ್ಲ. 2022ರಲ್ಲಿ ಅದೇ ವಿಶ್ವವಿದ್ಯಾಲಯದವರು ಗಾಳಿಗೆ ತೇಲುವ ಹೂವಿನ ಬೀಜದಂತೆ ಹಾರಿಹೋಗಿ ಬೀಳುವ, ಬ್ಯಾಟರಿ ಇಲ್ಲದ ಸೆನ್ಸರ್ ತೋರಿಸಿದರು. ತೂಕ 30 ಮಿಲಿಗ್ರಾಂ. ಕೇಳಲು ಬಹಳ ಚೆಂದ. ಆದರೆ ಸಾವಿರಾರು ಎಲೆಕ್ಟ್ರಾನಿಕ್ ಬೀಜ ಹೊಲದಲ್ಲಿ ಚೆಲ್ಲಿದರೆ ಅವನ್ನು ಆರಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ನನಗೆ ಸಮಾಧಾನ ಇಲ್ಲ.

ಇನ್ನು ಭದ್ರತೆ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಸೇರಿ ಹಲವು ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಕಾರಣ ಮಿರಾಯ್ ಎಂಬ ಕುತಂತ್ರಾಂಶ. ಅದು ಮನೆಗಳ ಸಿಸಿಟಿವಿ ಕ್ಯಾಮೆರಾ, ವೈಫೈ ರೂಟರ್‌ಗಳನ್ನು ಹಿಡಿದು, ಅವೆಲ್ಲ ಒಮ್ಮೆಲೇ ಸರ್ವರುಗಳಿಗೆ ಮುಗಿಬೀಳುವಂತೆ ಮಾಡಿತು. ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ. ಅಂಥ ಸುಮಾರು 60 ಹೆಸರು–ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದೇ ಅದರ ಆಯುಧ. ಮಿರಾಯ್ ಬರೆದವರು ಹರೆಯದ ಮೂವರು ಹುಡುಗರು, 2017ರಲ್ಲಿ ತಪ್ಪೊಪ್ಪಿಕೊಂಡರು. ಅಲ್ಲಿಂದೀಚೆಗೆ ಕಾನೂನು ಎಚ್ಚೆತ್ತಿದೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ಸಾಧನ ಮಾರುವಂತಿಲ್ಲ. ಯುರೋಪ್ ಒಕ್ಕೂಟ 2024ರಲ್ಲೇ ತಂದ ಕಾಯ್ದೆ ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ತಂತ್ರಾಂಶದ ದುರಸ್ತಿ ಕೊಡಬೇಕು ಎನ್ನುತ್ತದೆ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ಸಂದೇಶವನ್ನು ದಾರಿಯಲ್ಲಿ ಯಾರೂ ಓದದಂತೆ, ತಿದ್ದದಂತೆ ಕಾಯುವ ಗೂಢಲಿಪಿ ಬಡ ಚಿಪ್‌ಗಳಿಗೂ ಹೊರುವಷ್ಟು ಹಗುರವಾಗಿ ಬೇಕಿತ್ತು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ವರ್ಷಗಟ್ಟಲೆ ಸ್ಪರ್ಧೆ ನಡೆಸಿ 2023ರ ಫೆಬ್ರವರಿಯಲ್ಲಿ ಆ್ಯಸ್ಕಾನ್ ಎಂಬುದನ್ನು ಆರಿಸಿತು.

ಇವೆಲ್ಲ ಬೇಕೇ ಬೇಕು. ಆದರೆ ಗೂಢಲಿಪಿ ಕಾಯುವುದು ಲೆಕ್ಕ ಹೊರಟ ಮೇಲೆ. ಆಲಿಕೆಯ ಮೇಲೆ ಯಾರಾದರೂ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿದರೆ, ಇಲ್ಲವೇ ಒಂದು ಚೊಂಬು ನೀರು ಹೊಯ್ದರೆ? ಆ ಸುಳ್ಳನ್ನು ಗೂಢಲಿಪಿ ಭದ್ರವಾಗಿ, ಒಂದಕ್ಷರ ಆಚೀಚೆ ಆಗದಂತೆ, ಸರ್ವರಿಗೆ ಮುಟ್ಟಿಸುತ್ತದೆ. ಪರಿಹಾರದ ದುಡ್ಡು ಒಂದು ಬಟ್ಟಲಿನ ಟಿಕ್ ಮೇಲೆ ನಿಂತಾಗ ಇದು ಬರೀ ಕಲ್ಪನೆಯ ಮಾತಲ್ಲ. ಒಂದು ಊರಿಗೆ ಒಂದೇ ಮಾಪಕ ಇಟ್ಟು ಅದರ ಮಾತೇ ಕೊನೆ ಎನ್ನುವ ವ್ಯವಸ್ಥೆ ತಪ್ಪು. ಅಗ್ಗದ ಎರಡೋ ಮೂರೋ ಇರಲಿ, ಒಂದಕ್ಕೊಂದು ಸಾಕ್ಷಿ ಹೇಳಲಿ. ಕೆಟ್ಟ ದಿನದ ಲೆಕ್ಕಕ್ಕೆ "ಸೊನ್ನೆ" ಎಂದು ಬರೆಯದೆ "ಲೆಕ್ಕ ಇಲ್ಲ" ಎಂದೇ ಬರೆಯಲಿ, ಅದು ರೈತರಿಗೂ ಅದೇ ದಿನ ಕಾಣಲಿ. ವಿಮೆಯ ಹೊತ್ತಿಗೆ ಏಳೆಂಟು ತಿಂಗಳ ಮೇಲೆ ಗೊತ್ತಾದರೆ ಏನು ಪ್ರಯೋಜನ?

ಹೋಲಿಕೆಗೆ ಇನ್ನೊಂದು ಸಾಧನ ನೋಡಿ, ಪಂಪ್‌ಸೆಟ್‌ನ ಮೊಬೈಲ್ ಸ್ಟಾರ್ಟರ್. ತ್ರೀ ಫೇಸ್ ಕರೆಂಟ್ ರಾತ್ರಿ ಎರಡು ಗಂಟೆಗೆ ಬಂದರೆ ಎದ್ದು ಹೊಲಕ್ಕೆ ಹೋಗಬೇಕು. ದಾರಿಯಲ್ಲಿ ಹಾವು, ಕೆಲವು ಕಡೆ ಚಿರತೆ, ಕರಡಿ. ಪುಣೆಯ ಸಂತೋಷ್ ಓಸ್ತವಾಲ್ ಅವರ ನ್ಯಾನೊ ಗಣೇಶ್ ಬಂದ ಮೇಲೆ ಇಂಥ ಸ್ಟಾರ್ಟರ್‌ಗಳು ಎಲ್ಲ ಕಡೆ ಹರಡಿದವು. ಹಾಸಿಗೆಯಿಂದಲೇ ಫೋನ್ ಮಾಡಿ ಮೋಟಾರ್ ಹಾಕಬಹುದು. ಇದರಲ್ಲೂ ಸಿಮ್ ಕೆಡುತ್ತದೆ, ರಿಲೇ ಸುಡುತ್ತದೆ, ಪೆಟ್ಟಿಗೆಯೊಳಗೆ ಹಲ್ಲಿ ಸತ್ತು ಶಾರ್ಟ್ ಆಗುತ್ತದೆ. ಆದರೂ ಇದು ಬದುಕಿದೆ. ಯಾಕೆಂದರೆ ಕೆಟ್ಟ ರಾತ್ರಿಯೇ ಮನೆಯವರಿಗೆ ಗೊತ್ತಾಗುತ್ತದೆ, ಬೆಳಿಗ್ಗೆ ಊರಿನ ಮೋಟಾರ್ ರಿಪೇರಿಯವರು ಬಂದು ಸರಿಮಾಡುತ್ತಾರೆ. ಮಾಳಿಗೆಯ ಮಳೆಮಾಪಕ ಕೆಟ್ಟರೆ ಆ ರಾತ್ರಿ ಯಾರ ನಿದ್ದೆಯೂ ಕೆಡುವುದಿಲ್ಲ.

ಸ್ಟಾರ್ಟರ್‌ಗೂ ಒಂದು ಅಪಾಯ ಕಾದಿದೆ. ಇವುಗಳಲ್ಲಿ ಬಹಳಷ್ಟು 2ಜಿ ನಂಬಿಕೊಂಡಿವೆ. ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ ಅದನ್ನು ನಂಬಿದ್ದ ಕಳ್ಳರ ಸುಳಿವು ಕೊಡುವ ಮನೆಯ ಗಂಟೆಗಳು, ಕಾರಿನ ಸಾಧನಗಳು ಮೂಕವಾದವು. ನಮ್ಮಲ್ಲಿ ಜಿಯೊಗೆ ಮೊದಲಿಂದಲೂ 2ಜಿ ಇಲ್ಲ. ಉಳಿದವರು ನಿಲ್ಲಿಸುವ ದಿನ ಬಂದರೆ ಹೊಲದ ಪೆಟ್ಟಿಗೆಗಳ ಗತಿಯೇನು ಎಂದು ಈಗಲೇ ಯೋಚಿಸಬೇಕು. ಮಾಡ್ಯೂಲ್ ಮಾತ್ರ ಕಳಚಿ ಬದಲಿಸುವಂತೆ ಪೆಟ್ಟಿಗೆ ಮಾಡಿದರೆ ಖರ್ಚು ಸ್ವಲ್ಪ ಜಾಸ್ತಿ, ಆದರೆ ಇಡೀ ಪೆಟ್ಟಿಗೆ ಎಸೆಯುವುದು ತಪ್ಪುತ್ತದೆ.

ಟೆಂಡರುಗಳಲ್ಲಿ ಯಂತ್ರ ಎಷ್ಟು, ಬೆಲೆ ಎಷ್ಟು ಎಂದು ಇರುತ್ತದೆ. ಐದನೇ ವರ್ಷ ಏಣಿ ಇಟ್ಟು ಮಾಳಿಗೆ ಹತ್ತುವವರಿಗೆ ಎಷ್ಟು ಕೊಡುತ್ತೀರಿ ಎಂಬುದೂ ಮೊದಲ ಪುಟದಲ್ಲೇ ಇರಬೇಕು. ಪಂಚಾಯಿತಿಯ ನೀರುಗಂಟಿಗೋ, ಊರಿನ ಐಟಿಐ ಓದಿದ ಹುಡುಗ ಹುಡುಗಿಯರಿಗೋ ಈ ಕೆಲಸ ಕಲಿಸಿ ಸಂಬಳ ಕೊಡಬಹುದು. ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ.

ಅಣ್ಣ ಈಗ ಮಳೆಗಾಲದಲ್ಲಿ ಭಾನುವಾರಕ್ಕೊಮ್ಮೆ, ಮಳೆ ಬಿಟ್ಟ ಹೊತ್ತು ನೋಡಿ, ಒಂದು ಲೀಟರ್ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋಗುತ್ತಾನೆ. ಆಲಿಕೆ ಒರೆಸಿ, ಬಾಟಲಿಯ ಮುಚ್ಚಳಕ್ಕೆ ಮಾಡಿದ ಸೂಜಿ ತೂತಿನಿಂದ ನಿಧಾನ ನೀರು ಬಿಡುತ್ತಾನೆ. 20 ಸೆಂ.ಮೀ. ಆಲಿಕೆಗೆ ಒಂದು ಲೀಟರ್ ಎಂದರೆ ಸುಮಾರು 32 ಮಿ.ಮೀ. ಮಳೆ. 159 ಟಿಕ್ ಬರಬೇಕು. ಹೋದ ಸಲ ನಾನು ಪಕ್ಕದಲ್ಲೇ ನಿಂತು ಎಣಿಸಿದೆ. 151 ಬಂತು. ಬಟ್ಟಲು ಒಂದಿಷ್ಟು ಜಾಸ್ತಿ ನೀರು ಹಿಡಿದುಕೊಳ್ಳುತ್ತಿತ್ತು. ಅಣ್ಣ ಅದರ ಕೆಳಗಿನ ಸ್ಕ್ರೂ ಕಾಲು ಸುತ್ತು ಮೇಲಕ್ಕೆ ತಿರುಗಿಸಿ, ಬಾಟಲಿ ನನ್ನ ಕೈಗೆ ಕೊಟ್ಟು, "ಇನ್ನೊಂದು ಲೀಟರ್ ತಗೊಂಡು ಬಾ" ಎಂದ.